ಟೊಮೆಟೊ ಗಿಡಕ್ಕೆ ಯಾರ ಕೈಗುಣ?

ರಾವಂದೂರಿನಿಂದ ಆಚೆ ಒಂದು ಊರು. ಅಲ್ಲಿ ಚಾಮುಂಡಮ್ಮನ ಹಿತ್ತಿಲಲ್ಲಿ ಟೊಮೆಟೊ ಗಿಡ ಮತ್ತೆ ಕೆಟ್ಟಿತ್ತು. ಎಲೆಯ ತುಂಬಾ ಹಸಿರು-ಹಳದಿ ಮಚ್ಚೆ. ಕುಡಿ ಸಣಕಲಾಗಿ ನುಲಿದುಕೊಂಡಿತ್ತು. ಕಾಯಿ ಗೋಲಿಯಷ್ಟು ಆಗಿ ನಿಂತುಬಿಟ್ಟಿತ್ತು. ಬಚ್ಚಲ ನೀರು ಬೇಕಾದಷ್ಟು ಹರಿಯುವ ಜಾಗ, ಕೊಟ್ಟಿಗೆ ಗೊಬ್ಬರಕ್ಕೂ ಕೊರತೆಯಿಲ್ಲ. ಆದರೂ ಹೀಗೆ. ಗಿಡ ಹಾಕಿದವಳು ಸೊಸೆ ರಮ್ಯಶ್ರೀ, ಬೈಸಿಕೊಂಡವಳೂ ಅವಳೇ.

“ನಿನ್ ಕೈಗುಣಾನೇ ಅಷ್ಟು ಕಣವ್ವ. ಈ ಸಲ ಅವರೆ ಬೀಜಕ್ಕೆ ನೀನ್ ಕೈ ಆಕ್‌ಬ್ಯಾಡ ಬುಡು. ಮೊದ್ಲ ಹಿಡಿ ನಾನೇ ಬಿತ್ತೀನಿ,” ಅಂದರು ಚಾಮುಂಡಮ್ಮ.

ತಂಬಾಕು ಮುಗಿದ ಹೊಲಕ್ಕೆ ರಾಗಿ, ಅವರೆ ಬೀಳುತ್ತದಲ್ಲ, ಆ ಮನೆಯಲ್ಲಿ ಅದರ ಮೊದಲ ಹಿಡಿ ಸೊಸೆಯ ಕೈಯದು. ಚಾಮುಂಡಮ್ಮನಿಗೂ ಅವರ ಅತ್ತೆ ಹಾಗೇ ಕೊಟ್ಟಿದ್ದರು. ಮದುವೆಯಾಗಿ ಬಂದ ಮೇಲೆ ರಮ್ಯಶ್ರೀ ಕಾದಿದ್ದು ಆ ದಿನಕ್ಕೇ. ಬೈದರೆ ಬೈಯಲಿ, ಕೈಗುಣವೇ ಸರಿಯಿಲ್ಲ ಅಂದುಬಿಟ್ಟರೆ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು? ಬಚ್ಚಲ ಹಿಂದೆ ನಿಂತು ಚೆನ್ನಾಗಿ ಅತ್ತಳು. ಅಳುತ್ತಲೇ ತಲೆ ಎತ್ತಿದರೆ ಬಚ್ಚಲ ಮಾಡಿನ ಮೇಲೆ ಕುಂಬಳದ ಬಳ್ಳಿ ಕಂಡಿತು. ಅದನ್ನು ನೆಟ್ಟಿದ್ದೂ ಇದೇ ಕೈ. ಅದು ಮಾಡೆಲ್ಲ ಹಬ್ಬಿ ಕಾಯಿ ಬಿಟ್ಟು ಕೂತಿದೆ. ಹಾಗಾದರೆ ಟೊಮೆಟೊಗೆ ಏನಾಯಿತು? ಅಳು ನಿಂತಿತು, ಪ್ರಶ್ನೆ ಮಾತ್ರ ನಿಲ್ಲಲಿಲ್ಲ.

ಆ ವಾರ ಸ್ತ್ರೀಶಕ್ತಿ ಸಂಘದ ಸಭೆ ಅವರ ಮನೆಯ ಜಗುಲಿಯಲ್ಲೇ ನಡೆಯಿತು. ಹೆಂಗಸರಿಗೆ ಬೆಳೆಯ ವಿಷಯ ತಿಳಿಸಿಕೊಡುವ ಕೃಷಿ ಸಖಿ ನಿಶತ್ ಪಿರಿಯಾಪಟ್ಟಣದಿಂದ ಬಂದಿದ್ದಳು. ಸಭೆ ಮುಗಿದದ್ದೇ ತಡ, ರಮ್ಯಶ್ರೀ ಅವಳ ಕೈ ಹಿಡಿದು ಹಿತ್ತಿಲಿಗೆ ಎಳೆದೊಯ್ದಳು.

“ಇದ್ಯಾವ ತಳಿ ರಮ್ಯಾ?” ನಿಶತ್ ಕೇಳಿದಳು.

“ತಳಿ ಏನಕ್ಕ, ಟೊಮೆಟೊ. ಸಂತೇಲಿ ತಂದಿದ್ದ ಹಣ್ಣು ಕೊಳೀತು, ಅದ್ರ ಬೀಜಾನೇ ಆಕ್ದೆ.”

“ಅದು ಲಾರಿ ಹಣ್ಣು ಕಣಮ್ಮ. ದೂರ ಹೋದ್ರೂ ಒಡೀಬಾರ್ದು ಅಂತ ಸಿಪ್ಪೆ ಗಟ್ಟಿ ಇರೋ ಹೈಬ್ರಿಡ್ಡು. ಅದ್ರ ಬೀಜ ಆಕಿದ್ರೆ ತಾಯಿ ಹಂಗೇ ಮಗಳು ಹುಟ್ಟಲ್ಲ. ಒಂದೊಂದು ಗಿಡ ಒಂದೊಂದು ಥರ ಆಯ್ತದೆ.”

ಎಲೆ ಅಡಿಕೆ ಹಾಕಿಕೊಳ್ಳುತ್ತ ಹಿಂದೆಯೇ ಬಂದ ಚಾಮುಂಡಮ್ಮ ನಕ್ಕರು. “ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಈಗ ಬೀಜದ್ ಮೇಲೆ ಆಕ್ಬುಡಿ.”

“ಅಮ್ಮಾ, ನಿಮ್ಗೆ ಟೊಮೆಟೊ ಯಾತಕ್ಕೆ ಬೇಕು?” ನಿಶತ್ ಕೇಳಿದಳು.

“ಇದೆಂಥ ಪ್ರಶ್ನೆ? ಸಾರಿಗೆ.”

“ಹಂಗಾದ್ರೆ ನಾಟಿ ತಳಿ ಹಾಕಿ. ತೆಳು ಸಿಪ್ಪೆ, ಹುಳಿ ಜಾಸ್ತಿ, ಹುಣಸೆಹಣ್ಣೂ ಕಮ್ಮಿ ಸಾಕು. ಆದ್ರೆ ಮಳೆಗೆ ಸಿಪ್ಪೆ ಒಡೀತದೆ, ಇಟ್ರೆ ತಡ್ಕೊಳಲ್ಲ. ನಾಕು ದಿನ ಇಟ್ಕೊಂಡು ಅಡುಗೆ ಮಾಡ್ಬೇಕು ಅಂದ್ರೆ ಅರ್ಕಾ ರಕ್ಷಕ್ ಥರದ ಹೈಬ್ರಿಡ್ಡು ಹಾಕಿ. ಎಲೆ ಮುದುರು, ಸೊರಗು ರೋಗ, ಅಂಗಮಾರಿ, ಮೂರನ್ನೂ ತಡೀತದೆ. ಅದ್ರ ಬೀಜ ಮಾತ್ರ ಎತ್ತಿಡೋ ಹಂಗಿಲ್ಲ, ಪ್ರತಿ ಸಲ ಹೊಸದು ತರ್ಬೇಕು. ಸುಮ್ನೆ ಕಿತ್ಕೊಂಡು ಬಾಯಿಗೆ ಹಾಕ್ಕೊಳೋಕೆ ಅಂದ್ರೆ ಚೆರ್ರಿ ಟೊಮೆಟೊ ಇದೆ, ಗೊಂಚಲು ಗೊಂಚಲು ಬಿಡ್ತದೆ.”

“ಹೆಣ್ಣು ನೋಡೋಕ್ ಹೋದಂಗಾಯ್ತಲ್ಲವ್ವ!”

“ಹಂಗೇ ಅನ್ಕೊಳಿ. ಮನೆಗೆ ಒಗ್ಗುತ್ತಾ ಅಂತ ನೋಡ್ದೆ ತರ್ತೀರಾ?”

ರಮ್ಯಶ್ರೀ ಮಚ್ಚೆ ಬಿದ್ದ ಎಲೆಯನ್ನೇ ನೋಡುತ್ತಿದ್ದಳು. “ಅಕ್ಕ, ರಕ್ಷಕ್ ಆಕ್ಬುಟ್ರೆ ಈ ಮಚ್ಚೇನೂ ಬರಲ್ವಾ?”

ನಿಶತ್ ಬಗ್ಗಿ ಎಲೆ ತಿರುವಿ ನೋಡಿದಳು. “ಒಳ್ಳೆ ಪ್ರಶ್ನೆ ಕೇಳ್ದೆ. ಇದು ಬೇರೆ ರೋಗ. ಆ ಮೂರರಲ್ಲಿ ಇದಿಲ್ಲ.” ಆಮೇಲೆ ಅವಳ ಕಣ್ಣು ಚಾಮುಂಡಮ್ಮನ ಕೈ ಮೇಲೆ ಬಿತ್ತು. ಬೆಳಗ್ಗೆಯಿಂದ ಕಡ್ಡಿಗೆ ತಂಬಾಕಿನ ಹಸಿ ಸೊಪ್ಪು ಕಟ್ಟಿದ ಕೈ, ಅಂಟು ಹತ್ತಿ ಕರ್ರಗಾಗಿತ್ತು. “ಅಮ್ಮಾ, ಟೊಮೆಟೊ ಕುಡಿ ಚಿವುಟೋರು ಯಾರು?”

“ನಾನೇಯ. ಸೊಪ್ಪು ಕಟ್ಟಿ ಎದ್ದೋಳು ಅಂಗೇ ಬಂದು ಚಿವುಟ್ತೀನಿ. ಇವ್ಳೂ ಒಂದೊಂದ್ ಸಲ ಚಿವುಟ್ತಾಳೆ.”

“ತಂಬಾಕು, ಟೊಮೆಟೊ ಎರಡೂ ಒಂದೇ ವಂಶ, ದಾಯಾದಿಗಳು. ತಂಬಾಕಿನ ಮಚ್ಚೆ ರೋಗ ಸೊಪ್ಪಿನ ಅಂಟಿನ ಜೊತೆ ಕೈಯಿಂದ ಟೊಮೆಟೊಗೆ ದಾಟ್ತದೆ. ಜಗಿಯೋ ಹೊಗೆಸೊಪ್ಪಿಂದಾನೂ ದಾಟ್ಬೋದು. ಸೋಪು ಹಾಕಿ ಕೈ ತೊಳ್ದು ಗಿಡ ಮುಟ್ಟಿ.”

ಚಾಮುಂಡಮ್ಮನಿಗೆ ಸಿಟ್ಟೇ ಬಂತು. “ಸೋಪಿಗೆ ಎದ್ರೋ ರೋಗ ಎಲ್ಲಾರಾ ಉಂಟಾ? ಮದುವೆ ಆಗ್ ಬಂದಾಗಿಂದ ಸೊಪ್ಪು ಕಟ್ಟಿವ್ನಿ. ನನ್ ಕೈ ಮೇಲೆ ಹೇಳ್ತೀಯಲ್ಲ!”

ಅಲ್ಲಿಗೆ ಮಾತು ಮುಗಿಯಬೇಕಿತ್ತು. ಆದರೆ ರಮ್ಯಶ್ರೀಯ ಕುತೂಹಲ ಅಷ್ಟಕ್ಕೆ ಬಿಡುವುದಲ್ಲ. “ಅತ್ತೆ, ನೋಡೇಬುಡಾನ. ಮೂರು ತಳೀನೂ ತರ್ಸಾನ. ಒಂದೊಂದ್ರಲ್ಲಿ ಎರಡೆರಡು ಗಿಡ. ಒಂದು ನಿಮ್ದು, ಒಂದು ನಂದು. ನೀವು ನಿಮ್ಮಿಷ್ಟದಂಗೆ ನೋಡ್ಕಳಿ. ನಾನು ಕೈ ತೊಳ್ದು ಮುಟ್ತೀನಿ.”

“ಆಗ್ಲಿ ಬುಡು. ಯಾರ ಕೈಗುಣ ಎಂಗೆ ಅಂತ ಊರೇ ನೋಡ್ಲಿ,” ಅಂದರು ಅತ್ತೆ.

ಮಚ್ಚೆ ಬಿದ್ದ ಗಿಡಗಳನ್ನು ಬೇರುಸಹಿತ ಕಿತ್ತು ಸುಟ್ಟರು. ತಿಪ್ಪೆಗೆ ಎಸೆಯಬೇಡಿ ಎಂದು ನಿಶತ್ ಎರಡೆರಡು ಸಲ ಹೇಳಿದ್ದಳು. ಹಳೇ ಜಾಗ ಬಿಟ್ಟು ನುಗ್ಗೆಮರದ ಆಚೆ ಹೊಸ ಗುಂಡಿ ತೋಡಿ ಸಸಿ ನೆಟ್ಟರು. ಚಾಮುಂಡಮ್ಮನ ಸಾಲು ಒಂದು ಕಡೆ, ರಮ್ಯಶ್ರೀಯದು ಇನ್ನೊಂದು ಕಡೆ. ಮಣ್ಣು ಒಂದೇ, ನೀರು ಒಂದೇ, ಬಿಸಿಲೂ ಒಂದೇ. ರಮ್ಯಶ್ರೀ ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲೇ ಎಲೆ ತಿರುವಿ ತಿರುವಿ ನೋಡುತ್ತಿದ್ದಳು. ಅತ್ತೆಯೂ ನೋಡುತ್ತಿದ್ದರು, ಯಾರೂ ಇಲ್ಲದ ಹೊತ್ತಿನಲ್ಲಿ.

ಮೊದಮೊದಲು ಅತ್ತೆಯ ಗಿಡಗಳೇ ಎತ್ತರ. ರಮ್ಯಶ್ರೀಯ ಚೆರ್ರಿ ಗಿಡದ ತುದಿಯನ್ನು ಕೋಳಿ ಬೇರೆ ಕುಕ್ಕಿಹಾಕಿತು. ಅತ್ತೆಯ ಮುಖದಲ್ಲಿ ಗೆಲುವು. ತಂಬಾಕು ಒಣಗಿಸುವ ಬ್ಯಾರನ್ನಿಗೆ ಸೊಪ್ಪು ತುಂಬುವ ಕೆಲಸ ಜೋರಾಯಿತು. ಅತ್ತೆ ಸೊಪ್ಪು ಕಟ್ಟಿದ ಕೈಯಲ್ಲೇ ಬಂದು ತಮ್ಮ ಸಾಲಿನ ಕುಡಿ ಚಿವುಟುತ್ತಿದ್ದರು. ಆಮೇಲೊಂದು ಬೆಳಗ್ಗೆ ಅತ್ತೆಯ ನಾಟಿ ಗಿಡದಲ್ಲಿ ಹಳದಿ ಮಚ್ಚೆ ಕಂಡಿತು. ವಾರ ಕಳೆಯುವಷ್ಟರಲ್ಲಿ ಪಕ್ಕದ ರಕ್ಷಕ್ ಗಿಡಕ್ಕೂ ಬಂತು. ಎದುರು ಸಾಲಿನಲ್ಲಿ ಮೂರೂ ಗಿಡ ಹಚ್ಚಗೆ ನಿಂತಿದ್ದವು. ಕೋಳಿ ಕುಕ್ಕಿದ ಚೆರ್ರಿ ಕೂಡ ಪಕ್ಕದಲ್ಲಿ ಚಿಗುರಿತ್ತು.

ರಮ್ಯಶ್ರೀಗೆ ಕುಣಿಯಬೇಕೆನ್ನಿಸಿತು. ಕುಣಿಯಲಿಲ್ಲ. ಅತ್ತೆ ಗಿಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಿದ್ದರು. ಪಾಪ ಅನ್ನಿಸಿತು.

“ಅತ್ತೆ, ಕೈಯಲ್ಲಿ ಗುಣ ಕೆಟ್ಟಿಲ್ಲ. ಅಂಟು ಅದೆ, ಅಷ್ಟೇಯ,” ಅಂದಳು.

ಅತ್ತೆ ಎದ್ದು ಬಚ್ಚಲಿಗೆ ಹೋಗಿ ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆದರು.

ಅವರೆ ಬಿತ್ತುವ ದಿನ ಹೊಲದ ಬದುವಿನ ಮೇಲೆ ಸಂಘದ ಹೆಂಗಸರೂ ಇದ್ದರು. ಚಾಮುಂಡಮ್ಮ ಮೊರ ತಂದವರು ಎಲ್ಲರಿಗೂ ಕೇಳುವ ಹಾಗೆ ಅಂದರು: “ನನ್ ಕೈಲಿದ್ ರೋಗ ನನ್ ಸೊಸೆ ತಲೆಗ್ ಕಟ್ಟಿದ್ದೆ ಕಣ್ರವ್ವ. ತಪ್ಪು ನಂದು. ಬಾ ಮಗಾ, ಮೊದ್ಲ ಹಿಡಿ ನಿಂದೇಯ.” ರಮ್ಯಶ್ರೀಗೆ ಕಣ್ಣು ಮಂಜಾಗಿ ಮೊರ ಸರಿಯಾಗಿ ಕಾಣಲೇ ಇಲ್ಲ. ತಡವಿಕೊಂಡು ಹಿಡಿ ತುಂಬಿ, ಸಾಲಿಗೆ ಬಿಟ್ಟಳು.

ಈಗ ನಿಮಗೊಂದು ಮಾತು, ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣಂದಿರೇ. ಟೊಮೆಟೊ ಸಸಿ ತರುವ ಮೊದಲು, ಇದು ನಮ್ಮ ಮನೆಯಲ್ಲಿ ಯಾತಕ್ಕೆ ಬೇಕು ಎಂದು ಕೇಳಿಕೊಳ್ಳಿ. ಯಾವ ರೋಗ ತಡೆಯುತ್ತದೆ, ಯಾವುದು ತಡೆಯುವುದಿಲ್ಲ ಎಂದು ಸಸಿ ಮಾರುವವರನ್ನು ಕೇಳಿ. ಕೇಳಲು ನಾಚಿಕೆ ಬೇಡ. ಒಂದೇ ತಳಿಗೆ ಕಟ್ಟುಬೀಳಬೇಡಿ, ಎರಡು ಮೂರು ಹಾಕಿ ನೋಡಿ. ನಾಟಿಯಾದರೆ ರೋಗವಿಲ್ಲದ ಗಿಡದ ಒಳ್ಳೆಯ ಹಣ್ಣಿನ ಬೀಜ ಎತ್ತಿಡಿ. ಹೊಗೆಸೊಪ್ಪು ಮುಟ್ಟಿದ್ದರೆ, ಬೀಡಿ ಸೇದಿದ್ದರೆ, ಸೋಪು ಹಚ್ಚದೆ ಗಿಡದ ಹತ್ತಿರ ಹೋಗಬೇಡಿ. ಗಿಡ ಕೆಟ್ಟರೆ ಸೊಸೆಯ ಕೈಗುಣ ಎಣಿಸುವ ಮೊದಲು ನಿಮ್ಮ ಕೈ ತೊಳೆದುಕೊಳ್ಳಿ.