ಹಬೆ ಕೊಡದ ಗೂಡು

"ಸೆರಗು ಒದರೇ, ಬೋಳಿಮುಂಡೆ! ಒದರು ಅಂದ್ರೆ! ಕುಪ್ಪಸದೊಳಗೇನು ಬಚ್ಚಿಟ್ಕಂಡಿದೀಯ?"

ಧಣಿ ಚೆನ್ನರಾಯಪ್ಪ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದ. ಶಿಡ್ಲಘಟ್ಟದ ಆ ತಗಡಿನ ಶೆಡ್ಡಿನಲ್ಲಿ ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಹದಿನಾಲ್ಕು ಹೆಂಗಸರೂ ಸಂಜೆ ಮನೆಗೆ ಹೊರಟವರು ಸಾಲಾಗಿ ನಿಂತುಬಿಟ್ಟಿದ್ದರು. ನೂಲಿನ ಒಂದು ಲಡಿ ಕಡಿಮೆಯಾಗಿತ್ತು. ಬೈಗುಳ ಬಿದ್ದದ್ದು ಸಾಲಿನ ಕೊನೆಯಲ್ಲಿದ್ದ ಖುರ್ಷಿದಳಿಗೆ. ಇಪ್ಪತ್ತೆರಡು ವರ್ಷದ ಹುಡುಗಿ, ಮದುವೆಯಾಗಿರಲಿಲ್ಲ. ಎಳೆ ಹಿಡಿಯುವುದರಲ್ಲಿ ಶೆಡ್ಡಿಗೇ ಚುರುಕು.

ಅವಳು ಎಲ್ಲರೆದುರು ಸೆರಗು ತೆಗೆದು ಒದರಿದಳು. ಏನೂ ಬೀಳಲಿಲ್ಲ.

"ಮಧ್ಯಾಹ್ನ ಹೊರಗೆ ಹೋಗಿದ್ದೋಳು ನೀನೊಬ್ಬಳೇ."

"ಒಂದಕ್ಕೆ ಹೋಗಿದ್ದೆ ಸಾಮಿ. ಅಲ್ಲಾನ ಆಣೆ."

"ಆಣೆ ಬ್ಯಾಡ. ಕದ್ದಿಲ್ಲ ಅಂದ್ಮೇಲೆ ಹೆದರಿಕೆ ಯಾಕೆ? ಬಾ ಇಲ್ಲಿ. ಬರಿಗೈಲಿ ಗೂಡು ತೆಗಿ."

ಅವನು ತೋರಿಸಿದ್ದು ಬಾಣಲೆಯನ್ನು. ಹೆಂಗಸರ ಕೈಗಳು ಬೆಳಗಿಂದ ಸಂಜೆಯವರೆಗೆ ಬಿಸಿನೀರಿನಲ್ಲೇ ಇರುತ್ತಿದ್ದವು, ತೊಗಲು ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಆದರೆ ಗೂಡು ಬೇಯಿಸುವ ಬಾಣಲೆಯಲ್ಲಿ ನೀರು ಕೊತಕೊತ ಕುದಿಯುತ್ತದೆ. ಅದಕ್ಕೆ ಉದ್ದ ಹಿಡಿಯ ಜಾಲರಿ ಬಿಟ್ಟು ಬೇರೇನೂ ಹಾಕುವುದಿಲ್ಲ.

ಖುರ್ಷಿದ್ ಹಿಂದೆ ಸರಿದಳು. ಮೇಸ್ತ್ರಿ ಷರೀಫ್ ಅವಳ ಮುಂಗೈ ಹಿಡಿದ. ಅವಳು ಕೊಸರಿದರೂ ಬಿಡಲಿಲ್ಲ. ಚೆನ್ನರಾಯಪ್ಪ ಅವಳ ಮೊಣಕೈಯನ್ನು ಕೆಳಕ್ಕೆ ಒತ್ತಿದ.

ಹಿಂದಿನ ಗೋಡೆಗೆ ಆತು ನಿಂತಿದ್ದ ಹಬೆ ಕೋಣೆಯ ಮುನಿಶಾಮಮ್ಮ "ಅಯ್ಯೋ ದೇವುಡಾ" ಎಂದು ಕೂಗಿಕೊಂಡು ಓಡಿ ಬಂದಳು. ಅವಳು ಬಂದು ಎಳೆಯುವಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಮಾರನೆಯ ಬೆಳಿಗ್ಗೆ ಚೆನ್ನರಾಯಪ್ಪನ ಬಾಮೈದ ಚಲಪತಿ ಸ್ಕೂಟರಿನಿಂದ ಇಳಿದು ಬಂದ. ಕೈಯಲ್ಲಿ ಲಡಿಯಿತ್ತು.

"ಭಾವ, ನೂಲು ಹುರಿ ಮಾಡೋ ಮಿಷನ್ನೋರಿಗೆ ತೋರ್ಸಣ ಅಂತ ನಾನೇ ತಗಂಡೋಗಿದ್ದೆ. ಡಿಕ್ಕೀಲೇ ಮರ್ತೋಯ್ತು."

"ಸಿಕ್ತಲ್ಲ, ಬಿಡು." ಚೆನ್ನರಾಯಪ್ಪ ಲಡಿಯನ್ನು ಗೂಟಕ್ಕೆ ಹಾಕಿ, ಹೆಂಗಸರ ಕಡೆ ತಿರುಗಿದ. "ಏನ್ರೇ, ಬಾಯಿ ಬಿಟ್ಕಂಡು ನೋಡ್ತಾ ಇದೀರಾ? ಎಳೆ ಹಿಡೀರಿ."

ಅವರು ಎಳೆ ಹಿಡಿದರು.

ಆ ಮಧ್ಯಾಹ್ನ ಮುನಿಶಾಮಮ್ಮ ಕೆಲಸದ ನಡುವೆಯೇ ಎದ್ದು, ಕೈಗೆ ಬಟ್ಟೆ ಸುತ್ತಿದ್ದ ಖುರ್ಷಿದಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ರೈಟರು ಊಟ ಮುಗಿಸಿ ಹಲ್ಲಿಗೆ ಕಡ್ಡಿ ಹಾಕುತ್ತಿದ್ದ. ಇಡೀ ಸಂಗತಿ ಕೇಳಿಸಿಕೊಂಡ.

"ನೀವು ಮಾಡೋ ಕೆಲ್ಸ ಏನಮ್ಮ?"

"ನೂಲು ಬಿಚ್ಚೋದು ಸಾಮಿ," ಎಂದಳು ಖುರ್ಷಿದ್.

"ಎಲ್ಲಿ ಕೈ ಇಟ್ಕಂಡು?"

"ಬಿಸಿನೀರಲ್ಲಿ."

"ಮತ್ತೆ? ಬಿಸಿನೀರಲ್ಲಿ ಕೈ ಇಡೋದೇ ನಿಮ್ಮ ಕೆಲ್ಸ. ಕೈ ಸುಡ್ತು ಅಂತ ನಾನು ಯಾವ ಕೇಸು ಬರಕಳ್ಳಲಿ?" ಪಕ್ಕದ ಕಾನ್‌ಸ್ಟೇಬಲ್ ನಕ್ಕ. ರೈಟರು ಮುನಿಶಾಮಮ್ಮನ ಕಡೆ ನೋಡಿದ. "ನೀನು ಸಾದಲಿ ಕಡೆಯೋಳಲ್ವೇನೇ? ಕೇರಿಯೋಳು. ನಿಮ್ಮಪ್ಪ ದುಡಿದಿದ್ದು ಚೆನ್ನರಾಯಪ್ಪನೋರ ಹಿಪ್ಪುನೇರಳೆ ತೋಟದಾಗೇ. ಉಂಡ ಮನೇಗೆ ಕೇಸ್ ಹಾಕಕ್ಕೆ ಬಂದಿದೀಯಲ್ಲ, ನಾಚ್ಕೆ ಆಗಲ್ವ? ನಡೀರಿ ಆಚೆ."

ಗಾಯ ಮಾಯಲು ಒಂದೂವರೆ ತಿಂಗಳು ಹಿಡಿಯಿತು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು ಒಂದಕ್ಕೊಂದು ಅಂಟಿಕೊಂಡಂತೆ ಸೆಟೆದುಹೋದವು. ನೀರಿನೊಳಗೆ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಬೇಕಾದ್ದು ಆ ಎರಡು ಬೆರಳುಗಳಿಂದಲೇ. ಇನ್ನು ಆ ಊರಿನ ಯಾವ ಶೆಡ್ಡಿನಲ್ಲೂ ಅವಳಿಗೆ ಕೆಲಸವಿರಲಿಲ್ಲ. ನೋಡಿಹೋಗಿದ್ದ ಚಿಂತಾಮಣಿಯ ಗಂಡಿನ ಕಡೆಯವರು ಮತ್ತೆ ಬರಲಿಲ್ಲ.

ಮುನಿಶಾಮಮ್ಮ ನೋಡಲು ಹೋದಾಗ ಖುರ್ಷಿದಳ ತಾಯಿ ದಿಲ್ಷಾದ್ ಬೇಗಂ ಮಗಳಿಗೆ ಮುದ್ದೆ ಮುರಿದು ತಿನ್ನಿಸುತ್ತಿದ್ದಳು.

"ಅವನ ಮನೆ ಹಾಳಾಗ್ಲಿ ಅಂತ ಐದೊತ್ತೂ ದುವಾ ಮಾಡ್ತೀನಿ ಅಕ್ಕ," ಎಂದಳು ಖುರ್ಷಿದ್. "ಅವನು ದಿನಾ ಜೀಪಿನಲ್ಲಿ ನಮ್ಮ ಗಲ್ಲಿ ಮುಂದೇನೇ ಹೋಗ್ತಾನೆ. ಹಾರನ್ ಹೊಡ್ಕಂಡು ಹೋಗ್ತಾನೆ."

"ದೇವ್ರಿಗೆ ಬ್ಯಾರೆ ಕೆಲ್ಸ ಇದೆ ಕಣಮ್ಮ," ಎಂದಳು ಮುನಿಶಾಮಮ್ಮ. "ನಾನು ನೋಡ್ಕತೀನಿ."

ಅದು ಎಂಬತ್ತೊಂಬತ್ತನೆಯ ಇಸವಿಯ ಬೇಸಿಗೆ. ಮಾರುಕಟ್ಟೆಗೆ ಗೂಡು ರಾಶಿ ರಾಶಿಯಾಗಿ ಬಂದು ಬೆಲೆ ಒಮ್ಮೆಲೇ ಕುಸಿಯಿತು. ಚೆನ್ನರಾಯಪ್ಪ ಎರಡು ದಿನ ಬೆಳಿಗ್ಗೆ ಬೆಳಿಗ್ಗೆ ಹರಾಜಿಗೆ ಹೋಗಿ, ತಿಂಗಳಿಗಾಗುವಷ್ಟು ಗೂಡನ್ನು ಒಟ್ಟಿಗೇ ಕೊಂಡು ತಂದ. ಕಂಚಿಯ ಸೀರೆ ವ್ಯಾಪಾರಿಯೊಬ್ಬನ ಕಡೆಯಿಂದ ಒಬ್ಬ ಯುವಕ ಬಂದು ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಓದಿದವನು, ಮಾತಿಗೆ ಮುಂಚೆ ಯೋಚಿಸುವವನು.

"ನಮ್ಮವು ನೂರು ಮಗ್ಗ ಓಡ್ತಿವೆ ಸಾರ್. ಆಡಿ ಮಾಸ, ನಿಮ್ಮ ಆಷಾಢ, ಮುಗಿದರೆ ಮದುವೆ ಸೀಸನ್. ನಡುವೆ ಎಲ್ಲೂ ನಿಲ್ಲಬಾರದು."

"ಎಲ್ಲಿ ನಿಲ್ತದೆ?" ಚೆನ್ನರಾಯಪ್ಪ ಬೆರಳು ಮಡಿಸತೊಡಗಿದ. "ಮೊಟ್ಟೆ ಕೊಡೋನು ಒಬ್ಬ. ಹುಳ ಸಾಕೋನು ಒಬ್ಬ. ಆಮೇಲೆ ಮಾರ್ಕೆಟ್ಟು. ಆಮೇಲೆ ನಾನು. ಹುರಿ ಮಾಡೋನು, ಬಣ್ಣ ಹಾಕೋನು, ನಿಮ್ಮ ಮಗ್ಗ. ಏಳು ಕೈ. ಯಾವ ಕೈ ತಡ ಆದ್ರೂ ಹೆಣ್ಣಿಗೆ ಸೀರೆ ಇಲ್ಲ. ಅದಕ್ಕೇ ನಾನು ಮೊದ್ಲೇ ಸ್ಟಾಕ್ ಹಾಕ್ಕಂಡಿರೋದು. ರೇಟು ಬಿದ್ದಾಗ ಕೊಳ್ಳೋದು, ಹಬೆ ಕೊಟ್ಟು ಒಣಗ್ಸಿ ಇಡೋದು, ನೀವು ಕೇಳಿದ ದಿನ ನೂಲು ಕೊಡೋದು. ಇಷ್ಟೇ ವ್ಯಾಪಾರ."

"ಕೊಟ್ಟ ದಿನಕ್ಕೆ ಬರಲಿಲ್ಲ ಅಂದರೆ ನಮ್ಮ ಮುದಲಾಳಿ ಬೇರೆಯವರನ್ನ ನೋಡ್ಕೋತಾರೆ. ಇನ್ನೊಂದು ಸಲ ಈ ಕಡೆ ಬರೋದಿಲ್ಲ."

"ತಪ್ಪಿದ್ರೆ ನನ್ನ ಹೆಸ್ರು ಬದಲಾಯ್ಸಿ."

ಅಲ್ಲೇ ಅಂಗಳ ಗುಡಿಸುತ್ತಿದ್ದ ಮುನಿಶಾಮಮ್ಮ ಪೊರಕೆ ನಿಲ್ಲಿಸಿ ಮನಸ್ಸಿನಲ್ಲೇ ಮತ್ತೊಮ್ಮೆ ಎಣಿಸಿದಳು. ಏಳೇ ಇದ್ದವು; ಹಬೆ ಕೊಡುವ ಕೈ, ಎಳೆ ಹಿಡಿಯುವ ಕೈ ಅದರಲ್ಲಿರಲಿಲ್ಲ.

ಶೆಡ್ಡಿನ ಹಿಂದಿನ ಕೋಣೆಯಲ್ಲಿ ಗೂಡಿಗೆ ಹಬೆ ಕೊಡುವ ಕೆಲಸ ಅವಳದು. ಗೂಡಿನೊಳಗಿನ ಹುಳು ಚಿಟ್ಟೆಯಾಗಿ, ತೂತು ಕೊರೆದು ಆಚೆ ಬರುವ ಮೊದಲೇ ಅದನ್ನು ಹಬೆಯಲ್ಲಿ ಸಾಯಿಸಬೇಕು. ತೂತು ಬಿದ್ದ ಗೂಡಿನಿಂದ ಎಳೆ ಬಿಚ್ಚಲಾಗುವುದಿಲ್ಲ. ಸತ್ತ ಹುಳುವಿನ ನಾತಕ್ಕೆ ಚೆನ್ನರಾಯಪ್ಪನಾಗಲಿ ಷರೀಫನಾಗಲಿ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಬೇರೆ ಯಾರೂ ಒಪ್ಪದ ಕೆಲಸವಾದ್ದರಿಂದಲೇ ಠಾಣೆಗೆ ಹೋಗಿಬಂದವಳನ್ನೂ ಧಣಿ ಬಿಡಿಸಿರಲಿಲ್ಲ.

ಮುನಿಶಾಮಮ್ಮ ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದಳು. ಹಂಡೆಯ ನೀರು ಕುದಿಯಲು ಬಿಡಲಿಲ್ಲ. ಹಬೆ ಹಾಯಿಸಿದಂತೆ ಕಾಣಲು ಬುಟ್ಟಿಗಳ ಮೇಲಿನ ಗೋಣಿತಾಟಿಗೆ ನೀರು ಚಿಮುಕಿಸಿ ಒದ್ದೆ ಮಾಡಿ, ಒಂದೊಂದನ್ನೇ ಹೊರಗೆ ತಂದಿಟ್ಟಳು. ಅಂದಂದಿನ ಕೆಲಸಕ್ಕೆ ಬೇಕಾಗುವ ನಾಲ್ಕು ಬುಟ್ಟಿಗೆ ಮಾತ್ರ ಸರಿಯಾಗಿ ಹಬೆ ಕೊಟ್ಟಳು. ಉಳಿದ ಅಷ್ಟನ್ನೂ ದಾಸ್ತಾನು ಕೋಣೆಯ ತಟ್ಟೆಗಳ ಮೇಲೆ ಹರವಿದಳು.

ದಿನಾ ಬೆಳಿಗ್ಗೆ ಆ ಗೂಡುಗಳನ್ನು ತಿರುವಿಹಾಕುವುದೂ ಅವಳ ಕೆಲಸವೇ. ಒಂದು ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. ಒಳಗೆ ಭಾರವಾದದ್ದೊಂದು ಮಗ್ಗುಲು ಬದಲಿಸುತ್ತಿತ್ತು. ಮತ್ತೆ ಜಾಗದಲ್ಲಿಟ್ಟು, ಬೀಗ ಹಾಕಿ, ಬೀಗದ ಕೈಯನ್ನು ತಲೆ ತಗ್ಗಿಸಿ ಧಣಿಗೆ ಒಪ್ಪಿಸುತ್ತಿದ್ದಳು.

"ಹೆಂಗಿದೆ ಮಾಲು?"

"ಚೆನ್ನಾಗಿ ಬಲೀತಾ ಇದೆ ಸಾಮಿ."

"ಬಲಿಯೋದೇನೇ? ಒಣಗ್ತಾ ಇದೆ ಅನ್ನು, ದಡ್ಡಿ."

"ಒಣಗ್ತಾ ಇದೆ ಸಾಮಿ."

ಆರನೆಯ ದಿನ ಅವಳು ಬೇಕೆಂದೇ ಕೆಲಸಕ್ಕೆ ತಡಮಾಡಿದಳು. ಅವಳು ಬರುವ ಮೊದಲೇ ಕಂಚಿಯ ಯುವಕ ಮೊದಲ ಕಂತಿನ ನೂಲು ಒಯ್ಯಲು ಬಂದಿದ್ದ. ಹೊರಡುವ ಮೊದಲು ದಾಸ್ತಾನು ನೋಡಬೇಕೆಂದ. ಚೆನ್ನರಾಯಪ್ಪ ನಗುನಗುತ್ತಾ ಬೀಗ ತೆಗೆದು ಬಾಗಿಲು ತಳ್ಳಿದ.

ಒಳಗೆ ಹೆಜ್ಜೆಯಿಡಲು ನೆಲವಿರಲಿಲ್ಲ. ತಟ್ಟೆ, ಗೋಡೆ, ಕಂಬ, ಕಿಟಕಿಯ ಸರಳು, ಎಲ್ಲೆಲ್ಲೂ ಬೂದಿಬಿಳಿ ಚಿಟ್ಟೆಗಳು. ಹಾರಲಾರದ ಗಿಡ್ಡ ರೆಕ್ಕೆಗಳನ್ನು ಪಟಪಟ ಬಡಿಯುತ್ತಾ ಒಂದರ ಮೇಲೊಂದು ಹತ್ತಿ ಕೂಡುತ್ತಿದ್ದವು, ಮೊಟ್ಟೆಯಿಡುತ್ತಿದ್ದವು, ಕಂದು ನೀರು ಉಚ್ಚುತ್ತಿದ್ದವು. ಆ ನೀರು ಬಿದ್ದಲ್ಲೆಲ್ಲ ಉಳಿದ ಗೂಡುಗಳೂ ಕಲೆಯಾಗಿದ್ದವು.

ಚೆನ್ನರಾಯಪ್ಪ ಹುಚ್ಚು ಹಿಡಿದವನಂತೆ ಒಳಗೆ ನುಗ್ಗಿ ಎರಡೂ ಕಾಲಿನಿಂದ ತುಳಿಯತೊಡಗಿದ. ನಾಲ್ಕು ಹೆಜ್ಜೆಗೆ ಕಾಲು ಜಾರಿ, ಬಿಳಿ ಪಂಚೆ ಸಮೇತ ಅವುಗಳ ಮೇಲೆಯೇ ಬಿದ್ದ. ಕಂಚಿಯ ಯುವಕ ಮೂಗಿಗೆ ಕರವಸ್ತ್ರ ಹಿಡಿದು ಸ್ವಲ್ಪ ಹೊತ್ತು ನೋಡಿದ. ಹೋಗಿ ಕಾರು ಹತ್ತಿದ.

"ಸಾರ್! ಸಾರ್, ಒಂದ್ನಿಮಿಷ ಸಾರ್!" ಚೆನ್ನರಾಯಪ್ಪ ರಸ್ತೆಯವರೆಗೆ ಓಡಿದ. ವಾಪಸು ಬಂದವನೇ ಷರೀಫನ ಕತ್ತಿನ ಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ. "ಬೇವರ್ಸಿ ನನ್ಮಗನೇ! ಯಾರ ಹತ್ರ ಎಷ್ಟು ತಿಂದ್ಯೋ? ಯಾರಿಗೆ ಮಾರ್ಕಂಡ್ಯೋ ನನ್ನ?"

"ನಂಗೊತ್ತಿಲ್ಲ ಧಣಿ... ಮಕ್ಕಳ ಮೇಲಾಣೆ..."

ನೂಲು ಬಿಚ್ಚುವ ಬೇಸಿನ್ನುಗಳ ಮುಂದೆ ಕೂತ ಹೆಂಗಸರು ಬಗ್ಗಿಸಿದ ತಲೆ ಎತ್ತಲಿಲ್ಲ. ಷರೀಫನ ಬಾಯಿಂದ ರಕ್ತ ಬರುತ್ತಿತ್ತು. ಮುನಿಶಾಮಮ್ಮ ಆಗಷ್ಟೇ ಬಾಗಿಲಲ್ಲಿ ಬಂದು ನಿಂತಿದ್ದಳು. ನೋಡಿದಳು. ಅವನು ಅಂದು ಹಿಡಿದಿದ್ದ ಖುರ್ಷಿದಳ ಮುಂಗೈ ಅವಳಿಗೆ ಮರೆತಿರಲಿಲ್ಲ. ಇನ್ನೂ ನಾಲ್ಕು ಬೀಳಲಿ ಎಂದು ಕಾದಳು. ಬಿದ್ದವು. ಆಮೇಲೆ ಒಳಗೆ ಬಂದಳು.

"ಅವನ್ನ ಯಾಕೆ ಬಡೀತೀಯ? ಇದು ಅವನ ಕೈಲಿ ಆಗೋ ಕೆಲ್ಸ ಅಲ್ಲ."

ಚೆನ್ನರಾಯಪ್ಪ ತಿರುಗಿದ. ಬಡೀತೀಯ ಎಂದದ್ದು ಅವನ ಕಿವಿಗೆ ತಟ್ಟಲು ಸ್ವಲ್ಪ ಹೊತ್ತು ಹಿಡಿಯಿತು.

"ಏನಂದೇ?"

"ನಾನು ಮಾಡಿದ್ದು ಅಂದೆ. ದಾಸ್ತಾನಿನ ಒಂದು ಬುಟ್ಟಿಗೂ ಹಬೆ ಕೊಡ್ಲಿಲ್ಲ. ದಿನಾ ನೋಡ್ತಿದ್ದೆ, ಬದುಕವೆಯಾ ಅಂತ. ಯಾರೂ ಹೇಳ್ಕೊಡ್ಲಿಲ್ಲ, ಯಾರೂ ಕಾಸು ಕೊಡ್ಲಿಲ್ಲ. ನೀನು ಸಾಯೋಗಂಟ ನೆಪ್ಪಿಟ್ಕಾ, ಸಾದಲಿ ಕೇರಿ ಮುನಿಶಾಮಮ್ಮ ಮಾಡಿದ್ದು ಅಂತ."

ಅವನ ಪಂಚೆಯ ಮಡಿಕೆಯಿಂದ ಒಂದು ಚಿಟ್ಟೆ ತೆವಳಿ ಹೊಟ್ಟೆಯ ಮೇಲೆ ಹತ್ತುತ್ತಿತ್ತು.

"ನಿನ್ನ ಹೆಣ ಬೀಳ್ಸಿಲ್ಲ ಅಂದ್ರೆ ಕೇಳು! ಚಲಪತೀ, ಸ್ಟೇಷನ್ನಿಗೆ ಹೋಗೋ! ಈ ಶೆಡ್ಡಿಗೇ ಬೀಗ ಹಾಕ್ತೀನಿ. ಒಬ್ಬೊಬ್ಬಳೂ ಮಣ್ಣು ತಿನ್ರಿ!"

ಮೊದಲ ಬೇಸಿನ್ನಿನ ಅಕ್ಕಯ್ಯಮ್ಮ ಎದ್ದು ನಿಂತಳು. ಮೂರು ಮಕ್ಕಳ ತಾಯಿ, ವಿಧವೆ.

"ಅವನ್ನ ಹೊಡಿಯಕ್ಕೆ ಹೋಗಿ ನಮ್ಮ ಹೊಟ್ಟೆ ಮೇಲೂ ಹೊಡ್ದಲ್ಲೇ ಹಾಳಾದೋಳೇ," ಎಂದಳು. "ನಾಳೆ ನನ್ನ ಮಕ್ಕಳಿಗೆ ಏನಿಕ್ಕಲೇ?"

"ಗೊತ್ತಿಲ್ಲ ಅಕ್ಕ," ಎಂದಳು ಮುನಿಶಾಮಮ್ಮ. "ಬೈಯಿ. ಅದು ನನಗೆ ಬರಬೇಕಾದ್ದೇ."

ಅಕ್ಕಯ್ಯಮ್ಮ ಬೈಯಲಿಲ್ಲ. ಕಣ್ಣು ಒರೆಸಿಕೊಂಡಳು. ಆಮೇಲೆ ತನ್ನ ಮುಂದಿದ್ದ ಬೇಸಿನ್ನನ್ನು ಬಾಗಿಸಿ, ನೀರನ್ನೂ ಗೂಡನ್ನೂ ನೆಲಕ್ಕೆ ಚೆಲ್ಲಿ, ಸೆರಗು ಬಿಗಿದುಕೊಂಡು ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಪಕ್ಕದವಳೂ ಚೆಲ್ಲಿದಳು. ಉಳಿದವರು ಕೂತೇ ಇದ್ದರು.

ಅಕ್ಕಯ್ಯಮ್ಮನ ಹಿಂದೆಯೇ ಹೊರಬಿದ್ದ ಮುನಿಶಾಮಮ್ಮ ಬಸ್ ಸ್ಟ್ಯಾಂಡಿನ ಕಡೆ ತಿರುಗಲಿಲ್ಲ. ಸಾದಲಿಯ ರಸ್ತೆ ಹಿಡಿದು ನಡೆದೇ ಹೊರಟಳು. ಬಿಸಿಲು ನೆತ್ತಿಗೆ ಬಂದಿತ್ತು, ಟಾರು ಮೆತ್ತಗಾಗಿ ಅಂಗಾಲಿಗೆ ಅಂಟುತ್ತಿತ್ತು. ಊರು ದಾಟಿ ಒಂದು ಮೈಲಿ ಹೋಗಿದ್ದಾಗ ಹಿಂದಿನಿಂದ ಜೀಪು ಬರುವುದು ಕೇಳಿಸಿತು. ಪೊಲೀಸರದೋ ಅವನದೋ ಎಂದು ಅವಳು ತಿರುಗಿ ನೋಡಲಿಲ್ಲ. ಹಾರನ್ ಹೊಡೆಯಿತು. ಮತ್ತೆ ಹೊಡೆಯಿತು. ಅವಳು ನಡುರಸ್ತೆಯಲ್ಲೇ ನಡೆಯುತ್ತಿದ್ದಳು. ಪಕ್ಕಕ್ಕೆ ಸರಿಯಲಿಲ್ಲ.