ಇನ್ನೊಂದಿಲ್ಲದ ಶಾಲು

"ಈ ಶಾಲು ಬೇಡ ಅತ್ತಿಗೆ, ನೋಡೋರು ಏನಂದ್ಕೋತಾರೆ?" ಎನ್ನುತ್ತ ನಾದಿನಿ ಅದರ ಒಂದು ತುದಿಯನ್ನು ಎಳೆದಳು. ಇನ್ನೊಂದು ತುದಿ ಹೆಂಡತಿಯ ಮುಷ್ಟಿಯಲ್ಲಿತ್ತು. ಇಬ್ಬರ ನಡುವೆ ಮಂಚದ ಮೇಲೆ ಅವನು, ಇದ್ಯಾವುದರ ಗೊಡವೆಯೂ ತನಗಿಲ್ಲ ಎಂಬಂತೆ ಮಲಗಿದ್ದ.

"ಏನಾದ್ರೂ ಅಂದ್ಕೊಳ್ಳಲಿ. ಅವ್ರೇ ಕಟ್ಟಿ, ಅವ್ರೇ ಬಣ್ಣಕ್ಕೆ ಅದ್ದಿದ್ದು. ಇಂಥದ್ದು ಇನ್ನೊಂದಿಲ್ಲ. ಅವ್ರ ಜತೇಲೇ ಹೋಗ್ಲಿ."

"ಸರ್ಕಸ್ ಡೇರೆ ತರ ಕಾಣತ್ತೆ."

"ಬಿಳೀದು ಹೊದಿಸಿದ್ರೆ ಎದ್ದು ಕೂತ್ಕೋತಾರಾ?"

ನಾದಿನಿ ಮೂಗು ಮುರಿದು ಕೈಬಿಟ್ಟಳು. ಶವದ ಗಾಡಿ ಬರುವುದು ಮೂರು ಗಂಟೆಗೆ. ಅಲ್ಲಿಯವರೆಗೆ ತಾನೇ ಹೊದ್ದಿರುತ್ತೇನೆಂದು ಹೆಂಡತಿ ಶಾಲನ್ನು ಹೆಗಲ ಮೇಲೆ ಎಳೆದುಕೊಂಡಳು. ಕಡುನೀಲಿಯ ಮೇಲೆ ಬಿಳಿಯ ಬಳೆಗಳು, ಒಂದರೊಳಗೊಂದು. ಹದಿನೈದು ವರ್ಷವಾದರೂ ಬಣ್ಣ ಮಾಸಿರಲಿಲ್ಲ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬಿಳಿ ಹಾಸಿಗೆ ಬಟ್ಟೆ ಒಗೆದವನು ಅವನು. ಮನೆಗೆ ಬಂದರೆ ನೂಲು, ಗಂಟು, ಬಣ್ಣದ ಬಕೀಟು. ನೂಲು ಬಿಗಿದು ಗಂಟು ಹಾಕಿದ ಕಡೆ ಬಣ್ಣ ಹತ್ತದೆ ಬಿಳಿ ಬಳೆ ಉಳಿಯುತ್ತಿತ್ತು. ಬಚ್ಚಲ ಗೋಡೆ ನೀಲಿ, ಚೊಂಬು ನೀಲಿ, ಅವನ ಉಗುರಂತೂ ಮದುವೆಯ ಮರುವರ್ಷದಿಂದಲೇ ನೀಲಿ. ಸಮವಸ್ತ್ರದ ಕಾಲರಿನೊಳಗಿಂದ ತಾನು ಕಟ್ಟಿ ಅದ್ದಿದ ಅಂಗಿ ಒಂದು ಬೆರಳಷ್ಟು ಇಣುಕುವಂತೆ ತೊಟ್ಟು ಹೋಗುತ್ತಿದ್ದ. ಬೀದಿಯವರು 'ಬಣ್ಣದ ಬಕೀಟು' ಎಂದು ಹೆಸರಿಟ್ಟರೆ ಮುಖ ಅರಳಿಸುತ್ತಿದ್ದ.

*

ಒಮ್ಮೆ ಬಟ್ಟೆ ಅಂಗಡಿಯವನೊಬ್ಬ ಮನೆಗೇ ಬಂದು, ಒಂದೇ ತರದ ನಲವತ್ತು ಶಾಲು ಕೇಳಿದ್ದ. ಇವನು ಚಹಾ ಕುಡಿಸಿ ಕಳಿಸಿಬಿಟ್ಟ.

"ತಲೆ ಕೆಟ್ಟಿದೆಯಾ ನಿಮ್ಗೆ? ನಾಲ್ಕು ಬಟ್ಟೆ ಒಟ್ಟಿಗಿಟ್ಟು ಒಂದೇ ಗಂಟು ಹಾಕಿದ್ರೆ ಆಯ್ತಪ್ಪ," ಎಂದು ಅವಳು ರೇಗಿದ್ದಳು.

"ಎರಡನೇದು ಮಾಡಿದ ದಿನ ಮೊದಲ್ನೇದೂ ಸುಳ್ಳಾಗತ್ತೆ ಕಣೆ. ಒಂದು ಗಂಟಿಗೆ ಒಂದೇ ಬಟ್ಟೆ."

ಆ ಮಾತಿಗೆ ಅವಳು ಸೋತಿದ್ದಳು. ಒಳಗೊಳಗೇ ಹೆಮ್ಮೆಯಾಗಿತ್ತು. ಅಲ್ಲಿಂದ ಮುಂದೆ ಬಚ್ಚಲು ಎಷ್ಟು ನೀಲಿಯಾದರೂ ತುಟಿ ಪಿಟಕ್ಕೆನ್ನಲಿಲ್ಲ.

ಗಂಟು ಬಿಚ್ಚುವಾಗ ಯಾವಾಗಲೂ ಅವಳನ್ನು ಕರೆಯುತ್ತಿದ್ದ. ಈ ಶಾಲಿನ ಸಲ ಮಾತ್ರ ಕರೆಯಲಿಲ್ಲ. ಬಿಚ್ಚಿ, ಒಣಗಿಸಿ, ಹಿಂದಿನಿಂದ ಬಂದು ಹೆಗಲಿಗೆ ಹಾಕಿದ್ದ. ಮೂಲೆಯ ಬಳೆಯೊಂದು ಪೂರ್ತಿಯಾಗದೆ ಬಾಯಿ ತೆರೆದುಕೊಂಡಿತ್ತು.

"ನೂಲು ಜಾರಿಬಿಡ್ತು. ಇರ್ಲಿ, ಗುರುತಿಗಾಯ್ತು. ಇಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ."

*

ಒಂದೂವರೆಗೆ ಲಾಂಡ್ರಿಯವರು ಬಂದರು, ಏಳೆಂಟು ಜನ. ಹೊರಗೆ ಚಳಿ, ಎಲ್ಲರೂ ಕೋಟು ಹಾಕಿದ್ದರು. ಕೊನೆಯಲ್ಲಿ ಬಂದ ನಡುವಯಸ್ಸಿನವಳು ಇಸ್ತ್ರಿ ವಿಭಾಗದವಳು. ಅವನ ಬಾಯಲ್ಲಿ 'ನಮ್ಮ ಇಸ್ತ್ರಿಯವ್ರು' ಎಂದು ಕೇಳಿ ಹೆಂಡತಿಗೆ ಗೊತ್ತಿತ್ತು. ಅವಳು ಕೋಟು ಕಳಚಿ ಗೂಟಕ್ಕೆ ಹಾಕಿ ಈ ಕಡೆ ತಿರುಗಿದಳು.

ಅವಳ ಹೆಗಲ ಮೇಲೂ ಬಳೆಬಳೆಯ ನೀಲಿ ಶಾಲು. ಬಣ್ಣ ತೆಳು, ಅಷ್ಟೇ. ಅದೇ ಮೂಲೆಯಲ್ಲಿ ಅದೇ ಬಳೆ ಬಾಯಿ ತೆರೆದಿತ್ತು.

ಹೆಂಡತಿಯ ಕೈ ತನ್ನ ಶಾಲಿನ ಮೂಲೆಗೆ ಹೋಯಿತು. ಇಸ್ತ್ರಿಯವಳ ಕೈಯೂ ತನ್ನ ಶಾಲಿನ ಮೂಲೆಗೆ ಹೋಗಿ ಅಲ್ಲೇ ನಿಂತಿತು. "ಬನ್ನಿ," ಎಂದು ಹೆಂಡತಿ ಅವಳ ಮೊಣಕೈ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಪಾಪ, ಅಳು ತಡೆಯಲಾಗಲಿಲ್ಲ ಎಂದು ಹಿಂದೆ ಯಾರೋ ಹೇಳಿದರು.

"ಯಾವಾಗ ಕೊಟ್ರು?"

"ಹದಿನೈದು ವರ್ಷ ಆಯ್ತಕ್ಕ. ಕೈ ಸುಟ್ಕೊಂಡು ರಜ ಹಾಕಿದ್ದೆ. ವಾಪಸ್ ಬಂದ ದಿನ ಕೊಟ್ರು."

"ಏನಂದ್ರು?"

ಇಸ್ತ್ರಿಯವಳು ತಲೆ ತಗ್ಗಿಸಿದಳು. "ನೂಲು ಜಾರಿತು, ಗುರುತಿಗಾಯ್ತು ಅಂದ್ರು. ಇಂಥದ್ದು ಪ್ರಪಂಚದಲ್ಲಿ ಇನ್ನೊಂದಿಲ್ಲ ಅಂದ್ರು."

ಮಾತು ಕೂಡ ಹೊಸದು ಹುಡುಕಿರಲಿಲ್ಲ ಮಹಾನುಭಾವ.

"ನಮ್ಮಿಬ್ರ ಮಧ್ಯೆ ಬೇರೇನೂ ಇರ್ಲಿಲ್ಲ, ನಂಬಿ."

"ನಂಬ್ತೀನಿ. ಅದೇ ಸಂಕಟ. ಬೇರೇನಾದ್ರೂ ಇದ್ದಿದ್ರೆ ಬಾಯಿತುಂಬ ಬೈದು ಹಗುರಾಗ್ತಿದ್ದೆ. ಇದಕ್ಕೆ ಏನಂತ ಬೈಯಲಿ?"

ಮೂವತ್ತು ವರ್ಷ ಅವನ ಜಿಗುಟುತನ, ಸಿಟ್ಟು, ಬಚ್ಚಲು ತುಂಬಿದ ಬಕೀಟು, ಎಲ್ಲವನ್ನೂ ಅವಳು ಸಹಿಸಿದ್ದು ಆ ಒಂದು ಮಾತಿನ ಮೇಲೆ. ಒಂದು ಗಂಟಿಗೆ ಒಂದೇ ಬಟ್ಟೆ. ಎದ್ದು ಹೋಗಿ ಅವನ ಭುಜ ಹಿಡಿದು ಅಲುಗಾಡಿಸಬೇಕೆನ್ನಿಸಿತು. ಸತ್ತು ತಪ್ಪಿಸಿಕೊಂಡಿದ್ದ.

ಎರಡೂ ಶಾಲುಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಹರಡಿದರು. ಬಳೆಗೆ ಬಳೆ ಸರಿಹೊಂದಿತು. ಎರಡನ್ನೂ ಒಟ್ಟಿಗಿಟ್ಟು ಒಂದೇ ಗಂಟು ಹಾಕಿದ್ದ.

"ನಂದು ಮೇಲಿನ ಪದರ. ಬಣ್ಣ ಮೊದಲು ಕುಡಿದಿದ್ದು," ಎಂದಳು ಹೆಂಡತಿ. ಹೇಳುವಾಗ ಒಳಗೊಂದು ಸಣ್ಣ ಗೆಲುವು ತಲೆಯೆತ್ತಿತು. ಅದಕ್ಕೆ ಅವಳಿಗೇ ನಾಚಿಕೆಯಾಯಿತು.

"ನಾನು ಒಗೆದು ಒಗೆದು ತೆಳುವಾಯ್ತು ಅಂದ್ಕೊಂಡಿದ್ದೆ," ಎಂದ ಇಸ್ತ್ರಿಯವಳು ತನ್ನದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಇಪ್ಪತ್ತು ವರ್ಷ ಬಟ್ಟೆಯ ಕಲೆ ನೋಡಿ ಪಳಗಿದ ಕಣ್ಣು ಅವಳದು. ಅಂಚಿನ ಮಡಿಕೆ ಬಿಡಿಸಿ ನೋಡಿದಳು.

"ಅಕ್ಕ, ಒಂದು ಪದರ ಕೆಳಗಿದ್ರೆ ನೀಲಿ ಎಷ್ಟು ತೆಳುವಾಗತ್ತೆ?"

"ಹೊಸ ಜೀನ್ಸ್ ಪ್ಯಾಂಟಿನ ನೀಲಿ ಹಳೇ ಪ್ಯಾಂಟಿನ ನೀಲಿ ಆಗತ್ತೆ. ಅಷ್ಟೇ."

"ಇದು ನೋಡಿ."

ಹೆಂಡತಿ ನೋಡಿದಳು. ಹಾಲಿಗೆ ಒಂದು ತೊಟ್ಟು ಶಾಯಿ ಬಿಟ್ಟಂತಿತ್ತು. ಒಗೆತಕ್ಕೆ ಇಷ್ಟು ಇಳಿಯುವುದಿಲ್ಲ. ಹೊಲಿಗೆಯ ಮಡಿಕೆಯೊಳಗೆ, ನೀರು ಸೋಪು ತಾಗದ ಕಡೆಯೂ ಅಷ್ಟೇ ತೆಳು. ಒಂದು ಪದರದ ಕೆಳಗಿನದಲ್ಲ ಇದು, ಎರಡು ಪದರದ ಕೆಳಗಿನದು.

"ನಡುವೆ ಇನ್ನೊಂದಿತ್ತು," ಎಂದಳು.

"ಇತ್ತು," ಎಂದಳು ಇಸ್ತ್ರಿಯವಳು. ಹೆಂಡತಿ ಅವಳಿಗೆ ಒಂದು ಲೋಟ ನೀರು ಬಗ್ಗಿಸಿ ಕೊಟ್ಟಳು.

ಮೂರಕ್ಕೆ ಐದು ನಿಮಿಷವಿರುವಾಗ ನಾದಿನಿ ಬಾಗಿಲಲ್ಲಿ ತಲೆ ಹಾಕಿದಳು. "ಗಾಡಿ ಬಂತು ಅತ್ತಿಗೆ. ಆಗ್ಲಿ, ನಿಮ್ಮಿಷ್ಟದಂತೆ ಆ ಶಾಲೇ ಹೊದಿಸೋಣ, ಕೊಡಿ."

"ಕಾಯೋಕೆ ಹೇಳು. ಇನ್ನೊಬ್ರು ಬರೋದಿದೆ."

"ಯಾರು?"

"ಗೊತ್ತಿಲ್ಲ."

ನಾದಿನಿ ಕಣ್ಣು ಪಿಳಿಪಿಳಿ ಬಿಟ್ಟಳು. ಅವರಿಬ್ಬರೂ ಹೊರಗೆ ಬಂದು, ಅವನ ತಲೆಯ ಬಳಿ ಎರಡು ಕುರ್ಚಿ ಎಳೆದು, ಅವನಿಗೆ ಬೆನ್ನು ಹಾಕಿ ಬಾಗಿಲಿಗೆ ಮುಖ ಮಾಡಿ ಕೂತರು. ಬರುವವರೆಲ್ಲ ಕೈಮುಗಿಯುತ್ತಿದ್ದರು. ಇವರು ಒಬ್ಬರ ಮುಖವನ್ನೂ ನೋಡದೆ, ಪ್ರತಿಯೊಬ್ಬರೂ ಕೋಟಿನ ಗುಂಡಿ ಬಿಚ್ಚುವುದನ್ನೇ ನೋಡುತ್ತಿದ್ದರು.