ಕಂಬದ ಹಿಂದಿನ ತಕರಾರು

ಧರ್ಮಸುಧಾರಕ ಲೂಥರ್ ಡಾಕ್ಟರರು ಮಠ ಬಿಟ್ಟು ಓಡಿಬಂದ ಸನ್ಯಾಸಿನಿಯೊಬ್ಬಳನ್ನು ಮದುವೆಯಾದರು ಎಂಬ ಸುದ್ದಿ ವಿಟ್ಟೆನ್‌ಬರ್ಗಿನಿಂದ ಬಂದದ್ದೇ ತಡ, ಅದುವರೆಗೆ ಮದುವೆಯೇ ನಿಷಿದ್ಧವಾಗಿದ್ದ ಸುತ್ತಮುತ್ತಲ ಹಳ್ಳಿಗಳ ಪಾದ್ರಿಗಳಿಗೆಲ್ಲ ಮದುವೆಯ ಹುಚ್ಚು ಹಿಡಿಯಿತು. ಅಲ್ಲಿಯವರೆಗೆ ಕದ್ದುಮುಚ್ಚಿ ನಡೆದಿದ್ದಕ್ಕೆಲ್ಲ ಈಗ ವಾದ್ಯ, ಬಿಯರು, ಹುರಿದ ಹೆಬ್ಬಾತು. ಹೊಳೆಯಾಚೆಯ ಮುದಿ ಪಾದ್ರಿಯೂ ಇದ್ದ ನಾಲ್ಕು ಕೂದಲು ಬಾಚಿಕೊಂಡು ಮದುಮಗನಾಗಿಬಿಟ್ಟ. ತುಟಿ ಪಿಟಕ್ಕೆನ್ನದೆ ಕೂತಿದ್ದವರು ಎರ್ಲೆನ್‌ಡೋರ್ಫಿನ ಪಾದ್ರಿ ಯೋಬ್ಸ್ಟರು ಒಬ್ಬರೇ.

ಅವರ ಮನೆಯ ಅಡುಗೆ, ಬಟ್ಟೆ, ಕೋಳಿ, ಹಂದಿ ಎಲ್ಲ ನೋಡಿಕೊಳ್ಳುತ್ತಿದ್ದವಳು ವಾಲ್ಪುರ್ಗ. ಹದಿನೇಳು ವರ್ಷದಿಂದ ಅದೇ ಮನೆ. ಊರಿನ ಬಾಯಲ್ಲಿ ಅವಳು ಅಡುಗೆಯವಳು. ಆ ಮನೆಯಲ್ಲಿ ಹಾಸಿಗೆ ಒಂದೇ ಎಂಬುದು ಎಲ್ಲರಿಗೂ ಗೊತ್ತು, ಹಿಂದಿನ ಬಿಷಪ್ಪರಿಗೂ ಗೊತ್ತಿತ್ತು. ಕಂಡೂ ಕಾಣದ ಹಾಗೆ ಇರುವುದು ರೂಢಿ. ಚರ್ಚಿನಲ್ಲಿ ಮಾತ್ರ ಮುಂದಿನ ಬೆಂಚುಗಳೆಲ್ಲ ಮದುವೆಯಾದ ಹೆಂಗಸರವು. ವಾಲ್ಪುರ್ಗಳಿಗೆ ಕಟ್ಟಕಡೆಯಲ್ಲಿ, ದಪ್ಪನೆಯ ಕಲ್ಲುಕಂಬದ ಹಿಂದೆ ಕೂರಲು ಒಂದು ಮುಕ್ಕಾಲಿ. ಅಲ್ಲಿಂದ ಯೋಬ್ಸ್ಟರ ಧ್ವನಿ ಕೇಳುತ್ತಿತ್ತು, ಕಾಣುವುದು ಕಂಬ.

ಆ ಶರತ್ಕಾಲ ಅವಳು ಅಂಗಳದಲ್ಲಿ ಪ್ಲಮ್ ಹಣ್ಣು ಬೇಯಿಸುತ್ತಿದ್ದಾಗ ಗಿರಣಿಯವನ ಹೆಂಡತಿ ಗೆರ್ಟ್ರಾಡ್ ಬಂದು ಸೌಟಿಗೆ ಕೈ ಹಾಕಿದಳು.

"ಏನಕ್ಕಾ, ನಿಮ್ಮ ಪಾದ್ರಿಗಳು ಬಾಯಿ ಬಿಟ್ರಾ?"

"ಬಿಟ್ರು. ಊಟಕ್ಕೆ."

"ನೀವೇ ಕೇಳಿಬಿಡಬಾರ್ದಾ?"

"ಈ ಮನೇಲಿ ಇಷ್ಟು ವರ್ಷ ಕೇಳಿದ್ದೆಲ್ಲ ನಾನೇ ಕಣೇ. ಇದೊಂದನ್ನ ಅವರು ಕೇಳ್ಲಿ. ಈ ಭಾನುವಾರದೊಳಗೆ ಕೇಳಿದ್ರೆ ಸರಿ. ಇಲ್ಲಾಂದ್ರೆ ಸೋಮವಾರ ಬಿಯರ್ ಗಾಡಿ ಹತ್ಕೊಂಡು ಟೊರ್ಗೌಗೆ, ನಮ್ಮ ತಂಗಿ ಮನೆಗೆ. ಎಲ್ಲಾ ಊರಲ್ಲೂ ಅಡುಗೆಯವರು ಹೆಂಡ್ತೀರಾದ್ರು, ನಾನೊಬ್ಳು ಅಡುಗೆಯವಳಾಗೇ ಸಾಯಲ್ಲ."

ಅದು ಬಾಯಿಮಾತಿನ ಬೆದರಿಕೆಯಾಗಿರಲಿಲ್ಲ. ಹಿಟ್ಟಿನ ಪೀಪಾಯಿಯ ಹಿಂದೆ ಗಂಟು ಕಟ್ಟಿ ಇಟ್ಟಿದ್ದಳು. ಕಟ್ಟುವಾಗ ಚೆನ್ನಾಗಿ ಅತ್ತಳು, ಆಮೇಲೆ ಮೂಗೊರೆಸಿಕೊಂಡು ರೊಟ್ಟಿಗೆ ಹಿಟ್ಟು ನಾದಿದಳು. ಯೋಬ್ಸ್ಟರು ಕೆಟ್ಟವರಾಗಿದ್ದರೆ ಹೋಗುವುದು ಸುಲಭವಿತ್ತು. ಅವಳಿಗೆ ಜ್ವರ ಬಂದ ಚಳಿಗಾಲ, ಪಾದ್ರಿಯ ಉದ್ದಂಗಿಯನ್ನು ಮೊಣಕಾಲಿಗೆ ಎತ್ತಿಕಟ್ಟಿ ಹಂದಿಗೆ ತಾವೇ ಕಲಗಚ್ಚು ಹಾಕಿದವರು ಅವರು. ಊರು ನಕ್ಕರೂ ಬಿಟ್ಟಿರಲಿಲ್ಲ.

ಶನಿವಾರ ಯೋಬ್ಸ್ಟರು ಎಲೆಕೋಸಿನ ಸಾರನ್ನು ಅರ್ಧಕ್ಕೇ ಬಿಟ್ಟು ತಮ್ಮಷ್ಟಕ್ಕೆ ಏನೋ ಗೊಣಗುತ್ತ ಕೂತರು. ನಾಳೆಯ ಉಪದೇಶ ಇರಬೇಕೆಂದು ಅವಳು ತಟ್ಟೆ ಎತ್ತಿದಳು. ಕೇಳುತ್ತಾರೇನೋ ಎಂದು ಒಲೆಯ ಹತ್ತಿರ ಒರೆಸಿಟ್ಟ ಪಾತ್ರೆಯನ್ನೇ ಮತ್ತೆ ಒರೆಸಿದಳು. ಅವರು ಕೇಳಲಿಲ್ಲ.

ಭಾನುವಾರ ಪೂಜೆಯೆಲ್ಲ ಹೊಸ ಪದ್ಧತಿಯಂತೆ ಲ್ಯಾಟಿನ್ ಬಿಟ್ಟು ಊರವರ ಭಾಷೆಯಲ್ಲೇ ನಡೆಯಿತು. ಉಪದೇಶದ ನಡುವೆ, ಎತ್ತರದ ಪೀಠದ ಮೇಲಿಂದಲೇ, ಯೋಬ್ಸ್ಟರು ಗಂಟಲು ಸರಿಮಾಡಿಕೊಂಡರು.

"ಈಗ ಒಂದು ಮದುವೆಯ ಪ್ರಕಟಣೆ. ವರ, ಈ ಊರಿನ ಪಾದ್ರಿ ಯೋಬ್ಸ್ಟ್. ವಧು, ಟೊರ್ಗೌ ಊರಿನ ಕಮ್ಮಾರನ ಮಗಳು ವಾಲ್ಪುರ್ಗ. ಯಾರದಾದರೂ ತಕರಾರಿದ್ದರೆ ಈಗಲೇ ಹೇಳಬೇಕು."

ವಾಲ್ಪುರ್ಗಳ ಎದೆ ಹಿಗ್ಗಿತು. ಮರುಕ್ಷಣವೇ ಮೈಯೆಲ್ಲ ಉರಿಯಿತು. ಬಾಗಿಲಿಗೆ ಹೊಸ ಚಿಲಕ ಹಾಕಿಸುತ್ತೇನೆ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿ ಮುಗಿಸಿದ್ದರಲ್ಲ ಈ ಮಹಾರಾಯರು.

"ನಂದೊಂದು ತಕರಾರಿದೆ," ಎಂದಳು ಕಂಬದ ಹಿಂದೆ ಎದ್ದು ನಿಂತು.

ಗಂಟೆಯ ಹಗ್ಗ ಹಿಡಿದು ತೂಕಡಿಸುತ್ತಿದ್ದ ಚರ್ಚಿನ ಆಳು ಕಿಲಿಯಾನ್ ಬೆಚ್ಚಿ ಹಗ್ಗ ಎಳೆದ. ಮೇಲೆ ಗಂಟೆ ಢಣ್ ಎಂದಿತು. ಆ ಚರ್ಚಿನಲ್ಲಿ ಇಂಥ ಪ್ರಕಟಣೆಗೆ ಯಾರೂ ಯಾವತ್ತೂ ಉತ್ತರ ಕೊಟ್ಟಿದ್ದಿಲ್ಲ.

"ಯಾರದು?" ಯೋಬ್ಸ್ಟರ ಧ್ವನಿ ಸಣ್ಣಗಾಗಿತ್ತು.

"ವಧುದು."

"ಏನು ತಕರಾರು?"

"ವಧುನ ಯಾರೂ ಕೇಳಿಲ್ಲ."

ಬೆಂಚುಗಳ ಮೇಲೆ ಕಿಸಕ್ಕನೆ ನಗು ಹರಿಯಿತು.

"ಹದಿನೇಳು ವರ್ಷ ಒಂದೇ ಮನೇಲಿದ್ದೀವಲ್ಲ ವಾಲ್ಪುರ್ಗ. ಇನ್ನು ಕೇಳೋದೇನಿದೆ?"

"ಹದಿನೇಳು ವರ್ಷದಿಂದ ನಿಮಗೆ ಸಾರು ಬಡಿಸ್ತಿದ್ದೀನಿ. ಉಪ್ಪು ಸಾಕಾ ಅಂತ ಇವತ್ತಿಗೂ ಕೇಳ್ತೀನೋ ಇಲ್ವೋ?"

ಯೋಬ್ಸ್ಟರು ಮುಂದಿದ್ದ ಪುಸ್ತಕದ ಹಾಳೆ ಮಗುಚಿದರು. ಬೈಬಲಿನಲ್ಲಿ ಇದಕ್ಕೆ ಉತ್ತರವಿದ್ದಂತೆ ಕಾಣಲಿಲ್ಲ.

"ಇಳಿದು ಬನ್ನಿ ಪಾದ್ರಿಗಳೇ," ಎಂದ ಕಿಲಿಯಾನ್. "ಮೇಲೆ ನಿಂತ್ಕೊಂಡು ಆಗೋ ಕೆಲಸ ಅಲ್ಲ ಇದು."

ಅವರು ಇಳಿದರು. ಇಡೀ ಊರು ಕತ್ತು ತಿರುಗಿಸಿ ನೋಡುತ್ತಿದ್ದಂತೆ ಚರ್ಚಿನ ಉದ್ದಕ್ಕೂ ನಡೆದು ಬಂದು, ಕಂಬ ಬಳಸಿ ಅವಳ ಮುಂದೆ ನಿಂತರು. ಕಿವಿಯವರೆಗೂ ಕೆಂಪಾಗಿದ್ದರು. ಗಾಬರಿಗೆ ಬಾಯಿಂದ ಹಳೆಯ ಅಭ್ಯಾಸದ ಲ್ಯಾಟಿನ್ ಹೊರಟಿತು.

"ಅರ್ಥ ಆಗೋ ಭಾಷೇಲಿ ಹೇಳಿ," ಎಂದಳು ವಾಲ್ಪುರ್ಗ. "ಊರಿಗೆಲ್ಲ ಅದನ್ನೇ ತಾನೇ ನೀವು ಬೋಧಿಸ್ತಿರೋದು?"

ಯೋಬ್ಸ್ಟರು ಭಾಷೆ ಬದಲಿಸಿದರು. "ಹಿಟ್ಟಿನ ಪೀಪಾಯಿ ಹಿಂದೆ ಗಂಟು ನೋಡ್ದೆ. ಹೆದರಿಕೆ ಆಯ್ತು. ಮನೇಲಿ ಕೇಳಿದ್ರೆ ಆಗಲ್ಲ ಅಂದ್ಬಿಡ್ತೀಯೇನೋ ಅಂತ. ಚರ್ಚಲ್ಲಿ ಹೇಳಿದ್ರೆ ನೀನು ಎದುರು ಮಾತಾಡಲ್ಲ ಅಂದ್ಕೊಂಡೆ."

"ಚೆನ್ನಾಗಿ ಅಂದ್ಕೊಂಡ್ರಿ."

"ತಪ್ಪಾಯ್ತು. ನೀನು ಹೋದ್ರೆ ನಂಗೆ ಆ ಮನೆ ಬೇಡ, ಈ ಊರೂ ಬೇಡ. ನನ್ನ ಮದುವೆ ಆಗ್ತೀಯಾ ವಾಲ್ಪುರ್ಗ?"

ಅವಳ ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೂ ಸ್ವಲ್ಪ ಕಾಯಿಸಿದಳು. ಅವಳು ಕಾದದ್ದಕ್ಕೆ ಹೋಲಿಸಿದರೆ ಅದು ಏನೂ ಅಲ್ಲ.

"ಆಗ್ತೀನಿ," ಎಂದಳು. "ತಕರಾರು ವಾಪಸ್. ಹೋಗಿ ಉಪದೇಶ ಮುಗಿಸಿ, ಒಲೆ ಮೇಲೆ ಮಾಂಸ ಇಟ್ಟು ಬಂದಿದ್ದೀನಿ."

ಅವರು ಹಿಂದಿರುಗಿದರು. ವಾಲ್ಪುರ್ಗ ರೂಢಿಯಂತೆ ಮತ್ತೆ ಮುಕ್ಕಾಲಿಯ ಮೇಲೆ ಕುಳಿತಳು. ಮುಂದಿನ ಬೆಂಚಿನಿಂದ ಗೆರ್ಟ್ರಾಡ್ ಎದ್ದು ನಿಂತು, "ಅಲ್ಲೇನ್ ಕೂತ್ಕೋತೀರಕ್ಕಾ, ಬನ್ನಿ ಈ ಕಡೆ," ಎಂದು ಪಕ್ಕದವರನ್ನು ಮೊಣಕೈಯಿಂದ ತಿವಿದಳು. ಹೆಂಗಸರು ಲಂಗ ಒಟ್ಟುಮಾಡಿಕೊಂಡು ಒಬ್ಬೊಬ್ಬರಾಗಿ ಸರಿದರು. ಒಬ್ಬಳು ಕೂರುವಷ್ಟು ಜಾಗ ಆಯಿತು. ಅವಳು ಬಂದು ಕುಳಿತಳು.

ಯೋಬ್ಸ್ಟರು ಪೀಠ ಹತ್ತಿ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಡವರಿಸಿ, ಮಾತು ಶುರುಮಾಡಿದರು. ಅವರ ಕಣ್ಣು ನೇರವಾಗಿ ಚರ್ಚಿನ ಹಿಂದಕ್ಕೆ, ಕಂಬದ ಕಡೆಗೆ ಹೋಯಿತು. ಕಂಬದ ಬದಿಗೆ ಇಣುಕುವ ಅವಳ ಲಂಗದ ಅಂಚು ಕಾಣದೆ ಗಕ್ಕನೆ ನಿಂತರು. ಆಮೇಲೆ ಮುಂದಿನ ಬೆಂಚಿನಲ್ಲಿ ಅವಳನ್ನು ಕಂಡು ನಕ್ಕರು.

"ಯಾವಾಗ್ಲೂ ಹಂಗೇ ಅಕ್ಕಾ," ಎಂದು ಗೆರ್ಟ್ರಾಡ್ ಪಿಸುಗುಟ್ಟಿದಳು. "ಉಪದೇಶ ಪೂರ್ತಿ ಆ ಕಂಬಾನೇ ನೋಡ್ಕೊಂಡು ಹೇಳ್ತಾರೆ. ಒಂದಿನಾನೂ ನಮ್ಮ ಕಡೆ ತಿರುಗಿದೋರಲ್ಲ. ನಿಮಗೆ ಗೊತ್ತಿರ್ಲಿಲ್ವಾ?"

ವಾಲ್ಪುರ್ಗಳಿಗೆ ಗೊತ್ತಿರಲಿಲ್ಲ. ಅಲ್ಲಿ ಕೂತವಳಿಗೆ ಕಾಣುತ್ತಿದ್ದದ್ದು ಕಂಬ ಮಾತ್ರ.